ಟೆಂಡರ್ ಬಲ್ಲವರ ಕಸುಬು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕೊಬ್ಬರಿ ಮಾರುಕಟ್ಟೆಗೆ ಬರುವುದು ಊರೂರಿನ ಸಣ್ಣ ರಸ್ತೆ, ಮೋರಿಗಳನ್ನು ದಾಟಿಯೇ. ಇಂಥ ಸರ್ಕಾರಿ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇ 17.15, ಪಂಗಡದವರಿಗೆ ಶೇ 6.95 ಪಾಲನ್ನು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ ತಿದ್ದುಪಡಿ ಮೀಸಲಿಟ್ಟಿತು. ಈ ಮೀಸಲು ಅನ್ವಯಿಸುವ ಕಾಮಗಾರಿಗಳಿಗಿದ್ದ 50 ಲಕ್ಷ ರೂಪಾಯಿಯ ಮಿತಿ 2023ರಲ್ಲಿ 1 ಕೋಟಿಗೆ ಏರಿತು.

ಕಾನೂನು ಬಾಗಿಲು ತೆರೆಯಿತು. ಒಳಗೆ ಕರೆದೊಯ್ಯುವವರು ಟೆಂಡರ್ ಬಲ್ಲ ಸಲಹೆಗಾರರು. ಜಾತಿ ಪ್ರಮಾಣಪತ್ರ, ಗುತ್ತಿಗೆದಾರರ ನೋಂದಣಿ, ಟೆಂಡರ್ ಠೇವಣಿ (ಇ.ಎಂ.ಡಿ.), ಡಿಜಿಟಲ್ ಸಹಿ ಎಲ್ಲವನ್ನೂ ಅವರು ಹೊಂದಿಸುತ್ತಾರೆ. ಜಲ್ಲಿ, ಸಿಮೆಂಟು, ಸಾಗಣೆ, ಕೂಲಿ ಲೆಕ್ಕಹಾಕಿ, "ಇದಕ್ಕಿಂತ ಕಮ್ಮಿ ಹಾಕಬೇಡಿ ಅಣ್ಣಾ, ಕೈ ಕಚ್ಚುತ್ತೆ" ಎಂದು ಎಚ್ಚರಿಸುವುದರಲ್ಲೇ ಅವರ ನಿಜವಾದ ಜಾಣ್ಮೆಯಿದೆ. ಹೆಸರಿಗಷ್ಟೇ ಗುತ್ತಿಗೆ ಹಿಡಿದು ಕೆಲಸ ಬೇರೆಯವರಿಗೆ ಬಿಡುವುದಕ್ಕೆ ಒಳ್ಳೆಯ ಸಲಹೆಗಾರ ಒಪ್ಪುವುದಿಲ್ಲ. ಮೀಸಲು ಕಾಗದದಿಂದಿಳಿದು ದುಡಿಮೆಯಾಗುವುದು ಇಂಥವರ ನಿಷ್ಠೆಯಿಂದ.