ಕಾರ್ಣಿಕವೂ ಹದಿನೈದು ಸೆಕೆಂಡಿನದೇ

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಸೇರುವ ಲಕ್ಷಾಂತರ ಜನ ಕಾದು ನಿಲ್ಲುವುದು ಒಂದೇ ಒಂದು ಮಾತಿಗೆ. ದಿನಗಟ್ಟಲೆ ಉಪವಾಸವಿದ್ದ ಗೊರವಯ್ಯ ಡೆಂಕನಮರಡಿಯಲ್ಲಿ ಬಿಲ್ಲೇರಿ ‘ಸದ್ದಲೇ’ ಎನ್ನುತ್ತಾನೆ. ಅಷ್ಟೂ ಹೊತ್ತು ‘ಏಳುಕೋಟಿ’ ಕೂಗುತ್ತಿದ್ದ ಬಯಲು ತಟ್ಟನೆ ಬಾಯಿ ಮುಚ್ಚುತ್ತದೆ. ಕೆಲವೇ ಪದಗಳ ಭವಿಷ್ಯನುಡಿ, ಅದೇ ಕಾರ್ಣಿಕ; ಕೊನೆಗೊಂದು ‘ಪರಾಕ್’. ನುಡಿದವನು ಬಿಲ್ಲಿನಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿಯುತ್ತಾರೆ. ಗಡಿಯಾರ ಹಿಡಿದು ನೋಡಿದರೆ ನುಡಿ ಹದಿನೈದು ಸೆಕೆಂಡೂ ಆಗದು. 2020ರ ಜುಲೈನಲ್ಲಿ ಇನ್‌ಸ್ಟಾಗ್ರಾಮ್ ನಮ್ಮಲ್ಲಿ ರೀಲ್ಸ್ ಶುರುಮಾಡಿದಾಗ ಕೊಟ್ಟ ಗಡುವೂ ಹದಿನೈದೇ ಸೆಕೆಂಡು.

ಹಾಗಾಗಿ ‘ಈಗಿನ ಹುಡುಗರಿಗೆ ತಾಳ್ಮೆಯಿಲ್ಲ, ಮಾಡುವುದೆಲ್ಲ ತುಣುಕು’ ಎಂಬ ಹಿರಿಯರ ದೂರನ್ನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಸೀಮೆಯಲ್ಲಿ ನಿಂತು ಒಪ್ಪುವುದು ಕಷ್ಟ. ಚಿಕ್ಕದಾದ ಮಾತ್ರಕ್ಕೆ ಯಾವುದೂ ಹಗುರವಾಗುವುದಿಲ್ಲ. ಕಾರ್ಣಿಕದ ಹಿಂದೆ ವ್ರತವಿದೆ, ಮುಂದೆ ವರ್ಷವಿಡೀ ವಾದವಿರುತ್ತಿತ್ತು. ಅದು ಮಳೆಯ ಮಾತೋ, ರಾಜಕೀಯದ ಮಾತೋ, ಈ ಸಲ ಶೇಂಗಾ ಬಿತ್ತಬೇಕೋ ಮೆಕ್ಕೆಜೋಳವೋ? ಕೂಡ್ಲಿಗಿಯ ಕಟ್ಟೆಯಲ್ಲೊಂದು ಅರ್ಥ ಹುಟ್ಟಿದರೆ ಹರಪನಹಳ್ಳಿಯ ಸಂತೆಯಲ್ಲಿ ಇನ್ನೊಂದು. ಈಗ ಗೊರವಯ್ಯ ಸುಧಾರಿಸಿಕೊಂಡು ಏಳುವ ಮೊದಲೇ ವಿಡಿಯೊ ಸ್ಟೇಟಸ್‌ ಏರಿರುತ್ತದೆ. ಹಿನ್ನೆಲೆಗೊಂದು ಸಿನಿಮಾ ಸಂಗೀತ, ಮೂಲೆಯಲ್ಲಿ ಮೆಚ್ಚಿನ ನಾಯಕನ ಫೋಟೊ. ಅರ್ಥವನ್ನೂ ಅಂಟಿಸಿಯೇ ಕಳಿಸಿದ್ದಾರೆ. ನೋಡಿದವನಿಗೆ ಉಳಿಯುವುದು ಫಾರ್ವರ್ಡ್ ಮಾಡುವ ಕೆಲಸ. ಹುಡುಗರ ಕೈಚಳಕವೇನೂ ಸಣ್ಣದಲ್ಲ, ಬಸ್ಸು ಹೊರಡುವಷ್ಟರಲ್ಲಿ ಕತ್ತರಿಸಿ, ಜೋಡಿಸಿ, ಅಕ್ಷರ ಕೂರಿಸಿ ಮುಗಿಸುತ್ತಾರೆ. ಆದರೆ ಒಗಟನ್ನು ಒಗಟಾಗಿಯೇ ಬಿಡುವ ಧೈರ್ಯ ಆ ಕೆಲಸದಲ್ಲಿ ಕಾಣುವುದಿಲ್ಲ.

2021ರ ನವೆಂಬರ್‌ನಲ್ಲಿ ಇನ್ನೊಂದು ತುಣುಕು ಫೋನಿಂದ ಫೋನಿಗೆ ಹಾರಿತು. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಪದ್ಮಶ್ರೀ ಪಡೆಯುವ ಮುನ್ನ ರಾಷ್ಟ್ರಪತಿ ರಾಮನಾಥ ಕೋವಿಂದರಿಗೆ ಸೆರಗಿನಿಂದ ದೃಷ್ಟಿ ತೆಗೆದ ಗಳಿಗೆ ಅದು. ಅದೂ ಕೆಲವೇ ಸೆಕೆಂಡು. ಆ ಕೈತಿರುವಿನ ಹಿಂದೆ ಕಾಳವ್ವ ಜೋಗತಿಯ ಬಳಿ ಕಲಿತ ಕುಣಿತವಿದೆ, ಎಲ್ಲಮ್ಮನ ಕತೆ ಹೊತ್ತು ಊರೂರು ತಿರುಗಿದ ವರ್ಷಗಳಿವೆ. ಜಾಲತಾಣ ಆಕೆಯನ್ನು ಮನೆಮನೆಗೆ ಮುಟ್ಟಿಸಿತು, ಒಳ್ಳೆಯದೇ ಆಯಿತು. ಆದರೆ ಕಲೆ ಹುಟ್ಟಿದ್ದು ಬೇರೆಡೆ.

ಸಂಬಂಧಗಳು ಹದಗೊಳ್ಳುತ್ತಿದ್ದದ್ದೂ ಇಂಥ ಕಲಿಕೆಯಲ್ಲಿಯೇ. ಬಯಲಾಟವೆಂದರೆ ತಿಂಗಳುಗಟ್ಟಲೆ ತಾಲೀಮು, ರಾತ್ರಿ ಉಂಡು ಗುಡಿ ಮುಂದೆ ಸೇರಬೇಕು. ಭೀಮನಿಗೂ ದುರ್ಯೋಧನನಿಗೂ ಹೊಲದ ಬದುವಿನ ಜಗಳವಿದ್ದರೂ ತಾಳ ತಪ್ಪಿದಾಗ ಇಬ್ಬರೂ ಒಟ್ಟಿಗೇ ಮಾಸ್ತರರ ಬೈಗುಳ ತಿನ್ನಬೇಕು. ಯಾರನ್ನೂ ಬ್ಲಾಕ್ ಮಾಡುವಂತಿರಲಿಲ್ಲ! ಈಗ ಒಂದೇ ಊರಿನ ಹುಡುಗರು ಜಾತಿವಾರು, ಪಕ್ಷವಾರು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಚಿಹೋಗಿದ್ದಾರೆ. ತಮ್ಮವರ ಚಪ್ಪಾಳೆ ತಮಗೇ. ಹಾಗೆಂದು ಹಳೆಯದನ್ನು ತಲೆಮೇಲೆ ಹೊರಬೇಕಿಲ್ಲ. ಕೃಷ್ಣನ ಕಿರೀಟ ಯಾರ ತಲೆಗೆ, ಹಲಗೆ ಯಾರ ಹೆಗಲಿಗೆ ಎಂಬುದನ್ನು ಅಲ್ಲಿಯೂ ಕೇರಿಯೇ ನಿರ್ಧರಿಸುತ್ತಿದ್ದದ್ದುಂಟು. ಇನ್ನು ಗುಳೆ ಹೋದ ಅಪ್ಪ-ಅಮ್ಮನ ಮುಖವನ್ನು ಸಂಜೆಯ ವಿಡಿಯೊ ಕಾಲ್‌ನಲ್ಲಿ ನೋಡುವ ಮಗುವಿನ ಮುಂದೆ ಫೋನನ್ನು ಬೈಯಲು ನನಗಂತೂ ಬಾಯಿ ಬರುವುದಿಲ್ಲ.

ಫೋನಿನ ಈ ಹೊಸ ರಂಗಕ್ಕೆ ಒಡೆಯರು ಬೇರೆಯವರು ಎಂಬುದನ್ನೂ ಮರೆಯುವಂತಿಲ್ಲ. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ ಹಳ್ಳಿಯ ಹುಡುಗರು ಕಟ್ಟಿಕೊಂಡ ನೋಡುಗರ ಬಳಗ ಒಮ್ಮೆಗೇ ಚದುರಿತು. ಬಯಲಾಟ ಹಾಗಲ್ಲ, ಅದರ ಪುಸ್ತಕಕ್ಕೆ ಗೆದ್ದಲು ಹಿಡಿದರೂ ಪದಗಳು ಯಾರದೋ ನಾಲಿಗೆಯ ಮೇಲೆ ಉಳಿದಿರುತ್ತವೆ. ಹತ್ತೊಂಬತ್ತನೇ ಶತಮಾನದ ಹರಪನಹಳ್ಳಿ ಭೀಮವ್ವನ ಹಾಡುಗಳು ಹೆಂಗಸರ ಬಾಯಿಂದ ಬಾಯಿಗೆ ಬಂದೇ ಉಳಿದವು.

ಆ ಹೆಂಗಸರ ಮೊಮ್ಮಕ್ಕಳಿಗೇ ಈ ಹೊಸ ರಂಗದಿಂದ ಹೆಚ್ಚು ದಕ್ಕಿದೆ ಎನ್ನಬೇಕು. ಬಯಲಾಟದಲ್ಲಿ ದ್ರೌಪದಿಯ ಸೀರೆಯನ್ನು ಗಂಡಸೇ ಉಡುತ್ತಿದ್ದ. ನಾಟಕವಾದರೆ ಮರಿಯಮ್ಮನಹಳ್ಳಿಯಂಥ ಊರುಗಳಿಂದ ಕಲಾವಿದೆಯರನ್ನು ಕರೆಸುತ್ತಿದ್ದರು. ಊರ ಹುಡುಗಿಗೆ ಚಾಪೆಯ ಮೇಲೆ ಕೂತು ನೋಡುವುದಷ್ಟೇ ಪಾಲು. ಈಗ ಮುಖ ತೋರಿಸದೆ, ರೊಟ್ಟಿ ಬಡಿಯುವ ಕೈಗಳನ್ನಷ್ಟೇ ಕ್ಯಾಮೆರಾಕ್ಕೆ ಬಿಟ್ಟು, ಬಡಿತದ ಲಯಕ್ಕೇ ಪದ ಹಾಡುವ ಹುಡುಗಿಯರಿದ್ದಾರೆ. ಅಣ್ಣನ ಕಣ್ಣಿಗೆ ಬೀಳಬಾರದೆಂಬ ಕಟ್ಟುಪಾಡಿನಿಂದಲೇ ಇಂಥ ಚೌಕಟ್ಟು ಕಂಡುಕೊಂಡಿದ್ದಾರೆ. ಯಾವ ಸಿನಿಮಾದಿಂದಲೂ ಕದ್ದದ್ದಲ್ಲ. ನಾನು ಸೃಜನಶೀಲತೆ ಎನ್ನುವುದು ಇದಕ್ಕೆ. ಅದರ ಕೆಳಗೆ ಬೀಳುವ ಕಾಮೆಂಟುಗಳಾದರೋ ಹೃದಯದ ಚಿತ್ರ, ‘ಸೂಪರ್ ಸಿಸ್ಟರ್’, ಇಲ್ಲವೇ ‘ಮುಖ ತೋರ್ಸು’. ಎರಡನೇ ನುಡಿಯಲ್ಲಿ ಶ್ರುತಿ ಇಳಿದದ್ದನ್ನು ಯಾರೂ ಹೇಳುವುದಿಲ್ಲ. ತಾಲೀಮಿನ ಮಾಸ್ತರನಾಗಿದ್ದರೆ ಅಲ್ಲೇ ತಡೆದು ಮತ್ತೊಮ್ಮೆ ಹಾಡಿಸುತ್ತಿದ್ದ.