ಶಾಸ್ತ್ರೀಯ ಸಂಗೀತವೂ ಇಂದಿನ ಶ್ರೋತೃವೂ

ಶಾಸ್ತ್ರೀಯ ಸಂಗೀತವು ಇಂದಿನ ಕೇಳುಗನಿಗೆ ಬೇಕೆ ಎಂಬ ಪ್ರಶ್ನೆ ಎದ್ದಾಗಲೆಲ್ಲ ನಮ್ಮಲ್ಲಿ ಎರಡು ಬಗೆಯ ಉತ್ತರಗಳು ಕೇಳಿಬರುತ್ತವೆ. ಕೇಳುವವರು ಕಡಿಮೆಯಾದರು, ಸಿನೆಮಾ ಹಾಡು ಎಲ್ಲವನ್ನೂ ನುಂಗಿತು ಎಂಬ ಶೋಕ ಒಂದು. ಇದು ನಮ್ಮ ಪರಂಪರೆ, ಇದಕ್ಕೆ ಅಳಿವಿಲ್ಲ ಎಂಬ ಘೋಷಣೆ ಇನ್ನೊಂದು. ಹೊರನಾಡ ಕನ್ನಡಿಗರಾದ ನಾವು ಬಹುಮಟ್ಟಿಗೆ ಎರಡನೆಯ ಪಕ್ಷದವರು. ಮುಂಬಯಿ, ಪುಣೆಗಳಲ್ಲಿ ಹಿಂದುಸ್ತಾನಿ ಸಂಗೀತದ ಮಾತು ಬಂದರೆ ಸಾಕು, ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಕುಮಾರ ಗಂಧರ್ವ, ಬಸವರಾಜ ರಾಜಗುರು ಎಂದು ಬೆರಳು ಮಡಿಚಿ ಎಣಿಸುತ್ತೇವೆ. ಹೆಮ್ಮೆ ತಪ್ಪಲ್ಲ. ಆದರೆ ಹೆಮ್ಮೆ ಬೇರೆ, ಕೇಳ್ಮೆ ಬೇರೆ. ಈ ಭೇದವನ್ನು ಮರೆತುದರಿಂದಲೇ ನಮ್ಮ ಚರ್ಚೆ ದಾರಿ ತಪ್ಪಿದೆಯೆಂದು ನನ್ನ ಅಭಿಪ್ರಾಯ.

ಯಂತ್ರವೇ ಸಂಗೀತವನ್ನು ಕೆಡಿಸಿತೆಂಬ ಆಕ್ಷೇಪವನ್ನು ಮೊದಲು ಪರಿಶೀಲಿಸೋಣ. ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಸುಮಾರು 3 ನಿಮಿಷಗಳ ಹಾಡು. ಗಂಟೆಗಟ್ಟಲೆ ಬೆಳೆಸಬೇಕಾದ ರಾಗವನ್ನು ಅಷ್ಟಕ್ಕೆ ಕುಗ್ಗಿಸುವುದು ಅಪಚಾರವೆಂದು ತೋರುವುದು ಸಹಜ. ಆದರೆ ಅಬ್ದುಲ್ ಕರೀಂಖಾನರ ಝಿಂಝೋಟಿ ಠುಮರಿಯ ಅಂಥದೊಂದು ತಟ್ಟೆಯನ್ನು ಕೇಳಿ ಮನಸೋತ ಬಾಲಕ ಭೀಮಸೇನರು 1933ರಲ್ಲಿ ಗುರುವನ್ನರಸಿ ಮನೆ ಬಿಟ್ಟರು. ಊರೂರು ಅಲೆದು, ಕೊನೆಗೆ ಕರೀಂಖಾನರ ಶಿಷ್ಯರೇ ಆದ ಸವಾಯಿ ಗಂಧರ್ವರ ಬಳಿ ಕುಂದಗೋಳದಲ್ಲಿ ವರ್ಷಗಟ್ಟಲೆ ಕಲಿತರು. ತಟ್ಟೆ ಅವರಿಗೆ ಬಾಗಿಲಾಯಿತು, ಮನೆಯಾಗಲಿಲ್ಲ. ಇಂದು ಮೊಬೈಲಿನಲ್ಲಿ ಬೇಕಾದ ಗಾಯಕ ಬೇಕೆಂದಾಗ ಹಾಡುತ್ತಾನೆ. ನಾವು ಬಾಗಿಲಲ್ಲಿ ನಿಂತು ಇಣಿಕಿ, ಮನೆಯನ್ನೆಲ್ಲ ನೋಡಿದೆವೆಂದು ತಿಳಿದರೆ ಅದು ಬಾಗಿಲಿನ ದೋಷವಲ್ಲ.

ಒತ್ತಾಯದಿಂದ ಶ್ರೋತೃಗಳನ್ನು ಪಡೆಯಬಹುದೆಂಬ ನಂಬಿಕೆಗೂ ಇತಿಹಾಸ ಉತ್ತರ ಕೊಟ್ಟಿದೆ. 1952ರಲ್ಲಿ ಬಿ. ವಿ. ಕೇಸ್ಕರರು ಕೇಂದ್ರದ ಪ್ರಸಾರ ಖಾತೆಯ ಸಚಿವರಾದ ಮೇಲೆ ಆಕಾಶವಾಣಿಯಲ್ಲಿ ಸಿನೆಮಾ ಹಾಡಿಗೆ ಕಡಿವಾಣ ಬಿದ್ದಿತು. ಶಾಸ್ತ್ರೀಯ ಸಂಗೀತಕ್ಕೆ ಮನ್ನಣೆ ಹೆಚ್ಚಿತು. ಕೇಳುಗರು ರೇಡಿಯೋ ಸಿಲೋನಿನತ್ತ ಮುಳ್ಳು ತಿರುಗಿಸಿದರು. 1957ರಲ್ಲಿ ವಿವಿಧಭಾರತಿಯನ್ನು ಆರಂಭಿಸಿ ಆಕಾಶವಾಣಿಯೇ ಅವರನ್ನು ಮರಳಿ ಕರೆಯಬೇಕಾಯಿತು. ಆ ನೀತಿಯಿಂದ ಎಷ್ಟೋ ಗಾಯಕರಿಗೆ ಆಶ್ರಯ ದೊರೆತುದು ನಿಜ. ಆದರೆ ಹಾಡುವವನಿಗೆ ವೇಳೆ ಕೊಡಬಹುದಲ್ಲದೆ, ಕೇಳುವವನಿಗೆ ಕಿವಿ ಕೊಡಲು ಯಾವ ಸರಕಾರಕ್ಕೂ ಸಾಧ್ಯವಿಲ್ಲ.

ಹಾಗಾದರೆ ಈ ಕಿವಿ ಎಂಬುದೇನು? ಒಂದು ನಿದರ್ಶನ ಕೊಡುತ್ತೇನೆ. ಮಾರವಾ, ಪೂರಿಯಾ, ಸೋಹನಿ ಈ ಮೂರು ರಾಗಗಳಿಗೂ ಸ್ವರಗಳು ಅವೇ ಆರು, ಮೂರರಲ್ಲಿಯೂ ಪಂಚಮವಿಲ್ಲ. ಆದರೂ ಮಾರವಾ ಕೋಮಲ ರಿಷಭ ಮತ್ತು ಧೈವತಗಳ ಮೇಲೆ ನಿಲ್ಲುತ್ತದೆ. ಪೂರಿಯಾ ಮಂದ್ರಸಪ್ತಕದತ್ತ ಬಾಗಿ ಗಾಂಧಾರ ನಿಷಾದಗಳಲ್ಲಿ ನೆಲೆಯೂರುತ್ತದೆ. ಸೋಹನಿ ತಾರಷಡ್ಜದ ಸುತ್ತ ಮಿಂಚುತ್ತದೆ. ಆರೇ ಸ್ವರಗಳು ಒತ್ತಿನ ಭೇದದಿಂದ ಮೂರು ಲೋಕಗಳಾಗುತ್ತವೆ. ಇನ್ನು ಮಾರವಾದಲ್ಲಿ ಗಾಯಕನು ಷಡ್ಜವನ್ನು ಬೇಕೆಂದೇ ತಡೆಹಿಡಿಯುತ್ತಾನೆ. ತಂಬೂರಿ ಅದನ್ನೇ ನುಡಿಯುತ್ತಿರುತ್ತದೆ, ಕಂಠ ಅದನ್ನು ಮುಟ್ಟದೆ ಸುಳಿಯುತ್ತದೆ. ಕೇಳುವವನ ಮನಸ್ಸು ಅದಕ್ಕಾಗಿ ಹಂಬಲಿಸುತ್ತದೆ. ಕೊನೆಗೆ ಅದು ಬಂದಾಗ ಆಗುವ ನೆಮ್ಮದಿ ಕಾದವನಿಗೆ ಮಾತ್ರ. ಕೇಳಿದೊಡನೆ ಎಲ್ಲವೂ ಕೈಸೇರುವ ಈ ಕಾಲದಲ್ಲಿ ಕಾಯುವುದರ ಸುಖವನ್ನು ಕಲಿಸುವ ವಿದ್ಯೆ ಇನ್ನೆಷ್ಟು ಉಳಿದಿವೆ? ಶಾಸ್ತ್ರೀಯ ಸಂಗೀತ ಇಂದಿನವನಿಗೆ ಬೇಕಾಗಿರುವುದು ಅದು ಹಳೆಯದೆಂದಲ್ಲ. ಅವನಲ್ಲಿ ಕೊರತೆಯಾದುದು ಅದರಲ್ಲಿ ಇದೆಯೆಂದು.

ಆದರೆ ಇದು ಪುಕ್ಕಟೆ ಬರುವುದಿಲ್ಲ. ನಾನು ಬ್ಯಾಂಕಿನಲ್ಲಿ ದುಡಿಯುವವನು. ನುರಿತ ಕ್ಯಾಶಿಯರನ ಬೆರಳು ಖೋಟಾ ನೋಟನ್ನು ಮುಟ್ಟಿದೊಡನೆ ತಡೆಯುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಆ ಬೆರಳಿಗೆ ಯಾರೂ ಲಕ್ಷಣಗ್ರಂಥವನ್ನು ಓದಿಸಿಲ್ಲ. ಸಾಚಾ ನೋಟುಗಳನ್ನು ಎಣಿಸಿ ಎಣಿಸಿ ಅದು ಪಳಗಿದೆ. ಕಿವಿಯೂ ಹಾಗೆಯೇ. ಮನಸೂರರು ಗ್ವಾಲಿಯರ್ ಪದ್ಧತಿಯಲ್ಲಿ ಕಲಿತ ಮೇಲೂ ಮಂಜಿಖಾನರ ಮುಂದೆ ಮತ್ತೆ ಶಿಷ್ಯರಾಗಿ ಕುಳಿತರು. 1937ರಲ್ಲಿ ಅವರು ತೀರಿಕೊಂಡ ಬಳಿಕ ಅವರ ತಮ್ಮ ಭೂರ್ಜಿಖಾನರಲ್ಲಿ ಕಲಿಕೆಯನ್ನು ಮುಂದುವರಿಸಿದರು. ಹಾಗೆ ಪಡೆದ ಜೈಪುರ-ಅತ್ರೌಲಿ ಘರಾಣೆಯ ಸಂಪತ್ತೆಂದರೆ ಅಪ್ರಸಿದ್ಧ ರಾಗಗಳು, ಜೋಡುರಾಗಗಳು. ಅವರ ಬಸಂತೀ ಕೇದಾರವನ್ನು ಕೇಳಿದರೆ ಬಸಂತ ಎಲ್ಲಿ ಮುಗಿಯಿತು, ಕೇದಾರ ಎಲ್ಲಿ ಕಾಲಿಟ್ಟಿತು ಎಂದು ಹೊಲಿಗೆ ಕಾಣದು. ಆದರೆ ಎರಡೂ ಬಟ್ಟೆಗಳನ್ನು ಬೇರೆ ಬೇರೆಯಾಗಿ ಕಂಡವನಿಗಲ್ಲದೆ ಹೊಲಿಗೆ ಕಾಣದಿರುವುದರ ಸೊಗಸು ತಿಳಿಯುವುದೆಂತು?

ಇಲ್ಲಿ ನಮ್ಮ ತಪ್ಪನ್ನು ನಾವೇ ಒಪ್ಪಬೇಕು. ನಮ್ಮ ಊರುಗಳ ಕಾರ್ಯಕ್ರಮಗಳಲ್ಲಿ ಖ್ಯಾಲು ನಡೆದಿರುವಾಗ ಹೊರಗೆ ಚಹದ ಬಳಿ ನಿಂತವರು ಕೊನೆಯ ದಾಸರ ಪದಕ್ಕೊ ವಚನಕ್ಕೊ ಒಳಗೆ ಬರುತ್ತಾರೆ. ನಾನೂ ಹಾಗೆ ನಿಂತವನೇ. ಪರಊರಿನಲ್ಲಿ ಕನ್ನಡದ ಮಾತು ಕಿವಿಗೆ ಬಿದ್ದಾಗ ಕಣ್ಣು ತೇವವಾಗುವುದು ಸಹಜ. ಅದನ್ನು ಹಗುರವಾಗಿ ಕಾಣಲಾರೆ. ಆದರೆ ಆ ಪದಕ್ಕೆ ಭೀಮಸೇನರ ಕಂಠದಲ್ಲಿ ಬಂದ ತೂಕ ಅದಕ್ಕೆ ಮೊದಲಿನ ಒಂದೂವರೆ ಗಂಟೆಯ ರಾಗದಿಂದ ಬಂದುದು. ಬಡ್ಡಿಯನ್ನು ಉಂಡು ಅಸಲನ್ನು ಅಲಕ್ಷಿಸುವ ಮನೆತನ ಎಷ್ಟು ದಿನ ಬಾಳೀತು?

1992ರಲ್ಲಿ ಮನಸೂರರು, ಕುಮಾರರು, 2009ರಲ್ಲಿ ಗಂಗೂಬಾಯಿಯವರು, 2011ರಲ್ಲಿ ಭೀಮಸೇನರು ಅಗಲಿದರು. ಭಾವಚಿತ್ರಗಳಿಗೆ ಹಾರ ಹಾಕುವ ಕೆಲಸವನ್ನು ನಮ್ಮ ಸಂಘಗಳು ಚೆನ್ನಾಗಿ ಮಾಡಿವೆ. ಇನ್ನು ತಿಂಗಳಿಗೊಮ್ಮೆ ಇಪ್ಪತ್ತು ಜನ ಚಾಪೆಯ ಮೇಲೆ ಕುಳಿತು, ತಿಳಿದವರೊಬ್ಬರಿಂದ ಕೇಳುತ್ತ, ಒಂದೇ ರಾಗದ ಎರಡು ಮೂರು ಧ್ವನಿಮುದ್ರಿಕೆಗಳನ್ನು ಪೂರ್ತಿಯಾಗಿ ಆಲಿಸುವ ರೂಢಿಯನ್ನು ಆರಂಭಿಸಬಾರದೇಕೆ? ಹಣ ಹೆಚ್ಚು ಬೇಡ, ಸಭಾಪತಿಗಳು ಬೇಡ, ಶಾಲು ಬೇಡ. ಮಕ್ಕಳು ಬಂದರೆ ಅವರನ್ನು ಮುಂದೆ ಕೂಡಿಸೋಣ.

ಸಂಗೀತ ಉಳಿಯುವುದೋ ಇಲ್ಲವೋ ಎಂದು ಕೇಳುತ್ತ ಕಾಲ ಕಳೆದೆವು. ಅದನ್ನು ಕೇಳಲು ನಾವು ಉಳಿದಿದ್ದೇವೆಯೆ ಎಂಬುದೇ ನಿಜವಾದ ಪ್ರಶ್ನೆ.