ಬಣ್ಣಕ್ಕೂ ಮೊದಲು ಸಂದು ನೋಡಿ

ಬಂಪರ್ ಬದಲಿಸಿದ ಕಾರನ್ನು ಗುರುತಿಸುವುದು ಕಷ್ಟವಲ್ಲ. ಬಾನೆಟ್ಟಿಗೂ ಬಂಪರಿಗೂ ನಡುವಿನ ಗೆರೆ ಎಡಗಡೆ ತೆಳ್ಳಗೆ, ಬಲಗಡೆ ದಪ್ಪಗೆ ಇರುತ್ತದೆ. ಹೆಡ್‌ಲೈಟಿನ ಕೆಳಗೆ ಬೆರಳ ತುದಿ ತೂರುವಷ್ಟು ಜಾಗ ಬಾಯಿ ಬಿಟ್ಟಿರುತ್ತದೆ. ಫೆಂಡರಿಗೆ ಸೇರಬೇಕಾದ ಮೂಲೆ ತುಸು ಹೊರಗೆ ಚಾಚಿಕೊಂಡಿರುತ್ತದೆ. ಬಣ್ಣ ಎಷ್ಟೇ ಹೊಳೆಯಲಿ, ಈ ಸಂದುಗಳು ಸಮನಾಗಿಲ್ಲ ಎಂದರೆ ಕೆಲಸ ಕೆಟ್ಟಿದೆ ಎಂದೇ ಲೆಕ್ಕ. ಮುಂದಿನ ಬಂಪರನ್ನು ಮನೆಯಲ್ಲೇ ಬದಲಿಸಿಕೊಳ್ಳಿ ಎಂದು ನಾನು ಹೇಳುವುದಕ್ಕೆ ಈ ಸಂದುಗಳೇ ಮುಖ್ಯ ಕಾರಣ. ಗ್ಯಾರೇಜಿನಲ್ಲಿ ಮುಂದಿನ ಕಾರು ಸರದಿಗೆ ಕಾಯುತ್ತಿರುತ್ತದೆ. ಮನೆಯ ಪೋರ್ಟಿಕೋದಲ್ಲಿ ಭಾನುವಾರದ ಬೆಳಗು ಪೂರ್ತಿ ನಿಮ್ಮದು. ಸಂದು ಹೊಂದಿಸಲು ಬೇಕಾದದ್ದು ಆ ಪುರುಸೊತ್ತು.

ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಬಂಪರ್ ಎಂದರೆ ಕ್ರೋಮ್ ಹೊದ್ದ ಉಕ್ಕಿನ ಪಟ್ಟಿ. ಅದು ಬಾಡಿಯಿಂದ ಮುಂದೆ ಎದ್ದು ನಿಲ್ಲುತ್ತಿದ್ದರಿಂದ ಸಂದಿನ ಪ್ರಶ್ನೆಯೇ ಬರುತ್ತಿರಲಿಲ್ಲ. 1972ರಲ್ಲಿ ಫ್ರಾನ್ಸಿನ ರೆನೋ 5 ಪ್ಲಾಸ್ಟಿಕ್ ಬಂಪರ್ ತೊಟ್ಟು ಬಂತು. ಅಲ್ಲಿಂದ ಮುಂದಕ್ಕೆ ಬಂಪರ್ ನಿಧಾನವಾಗಿ ಬಾಡಿಯ ಮೈಯೊಳಗೆ ಸೇರಿಕೊಂಡಿತು. ಈಗ ನಾವು ಬಂಪರ್ ಎನ್ನುವುದು ಹೊರಗಿನ ಹೊದಿಕೆಯನ್ನು ಮಾತ್ರ. ಅದರ ಹಿಂದೆ ಅನೇಕ ಕಾರುಗಳಲ್ಲಿ ಹಗುರವಾದ ಫೋಮ್ ದಿಂಡು ಇರುತ್ತದೆ, ಅದರ ಹಿಂದೆ ಉಕ್ಕಿನ ಅಡ್ಡ ಬೀಮ್. ಗುದ್ದಿದ ಪೆಟ್ಟನ್ನು ತಡೆಯುವುದು ಆ ಬೀಮ್. ಹೊದಿಕೆ ಗಾಳಿಯನ್ನು ಸೀಳಲು, ಅಂದಕ್ಕೆ, ಮತ್ತು ಎದುರು ಸಿಕ್ಕ ಪಾದಚಾರಿಯ ಕಾಲಿಗೆ ಪೆಟ್ಟು ಕಡಿಮೆಯಾಗಲು.

ಹೊದಿಕೆಯ ಒಳಮೈಯಲ್ಲಿ ಅದನ್ನು ಯಾವುದರಿಂದ ಮಾಡಿದ್ದಾರೆ ಎಂದು ಅಚ್ಚು ಹಾಕಿರುತ್ತಾರೆ. ಸಾಮಾನ್ಯವಾಗಿ ಅದು ಪಿಪಿ, ಇಪಿಡಿಎಂ ಎಂದಿರುತ್ತದೆ. ಎಂದರೆ ಪಾಲಿಪ್ರೊಪಿಲೀನಿಗೆ ರಬ್ಬರ್ ಬೆರೆಸಿದ ಪ್ಲಾಸ್ಟಿಕ್. ಕೊನೆಗೆ ಟಿಡಿ 20 ಎಂದಿದ್ದರೆ ಶೇ 20ರಷ್ಟು ಟಾಲ್ಕ್ ಪುಡಿ ಸೇರಿದೆ ಎಂದು ತಿಳಿಯಿರಿ. ಈ ಅಚ್ಚನ್ನು ಓದುವುದರಿಂದ ಎರಡು ಲಾಭ. ಒಂದು, ಪಾಲಿಪ್ರೊಪಿಲೀನಿಗೆ ಬಣ್ಣ ಸುಲಭವಾಗಿ ಅಂಟುವುದಿಲ್ಲ, ಅದಕ್ಕೆಂದೇ ಇರುವ ಪ್ಲಾಸ್ಟಿಕ್ ಪ್ರೈಮರ್ ಬೇಕು. ಎರಡು, ಈ ಪ್ಲಾಸ್ಟಿಕ್ ಬಿಸಿಲಿಗೆ ಉಕ್ಕಿಗಿಂತ ಹಲವು ಪಟ್ಟು ಹಿಗ್ಗುತ್ತದೆ. ಬೆಳಗಿನ ತಂಪಿಗೂ ಮಧ್ಯಾಹ್ನದ ಬಿಸಿಲಿಗೂ 25 ಡಿಗ್ರಿ ವ್ಯತ್ಯಾಸವಾದರೆ ಬಂಪರಿನ ಅಗಲ ಎರಡು ಮೂರು ಮಿಲಿಮೀಟರ್ ಬದಲಾಗುತ್ತದೆ. ಸ್ಕ್ರೂ ಕೂರುವ ತೂತುಗಳಲ್ಲಿ ಕೆಲವನ್ನು ಉದ್ದುದ್ದವಾಗಿ ಕೊರೆದಿರುವುದು ಈ ಹಿಗ್ಗು ಕುಗ್ಗಿಗೆ ಜಾಗ ಕೊಡಲಿಕ್ಕೆ. ಆದ್ದರಿಂದ ಕಾರು, ಹೊಸ ಬಂಪರ್ ಎರಡೂ ನೆರಳಿನಲ್ಲಿ ತಣ್ಣಗಾದ ಮೇಲೆ ಕೆಲಸ ಶುರು ಮಾಡಿ.

ಹಣದ ಲೆಕ್ಕವನ್ನೂ ನೋಡಿಬಿಡೋಣ. ವಿಮೆಯಲ್ಲಿ ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ ಶೇ 50ನ್ನು ಸವಕಳಿ ಎಂದು ಕಳೆಯುತ್ತಾರೆ. ಜೀರೋ ಡೆಪ್ ಪಾಲಿಸಿ ಇದ್ದವರಿಗೆ ಮಾತ್ರ ಈ ಕಡಿತವಿಲ್ಲ. 1500 ಸಿಸಿವರೆಗಿನ ಕಾರಿಗೆ ಮೊದಲ 1000 ರೂಪಾಯಿ ನಿಮ್ಮ ಕೈಯಿಂದಲೇ ಹೋಗುತ್ತದೆ. ಕ್ಲೇಮು ಮಾಡದ ಮೊದಲ ವರ್ಷಕ್ಕೆ ಶೇ 20ರಿಂದ ಶುರುವಾಗಿ ಐದು ವರ್ಷಕ್ಕೆ ಶೇ 50 ಮುಟ್ಟುವ ನೋ ಕ್ಲೇಮ್ ಬೋನಸ್, ಒಂದು ಬಂಪರಿನ ಕ್ಲೇಮಿನಿಂದ ಕೈತಪ್ಪಬಹುದು. ಸಣ್ಣ ಕಾರಿನ ಬಂಪರ್ ಮಾತ್ರ ಒಡೆದಿದ್ದರೆ ಕ್ಲೇಮಿಗೆ ಹೋಗುವ ಮುನ್ನ ಕಾಗದ ಪೆನ್ನು ಹಿಡಿದು ಕೂಡಿ ಕಳೆಯುವುದು ಒಳ್ಳೆಯದು.

ಇನ್ನು ಕೊಳ್ಳುವ ಮಾತು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಒರಿಜಿನಲ್ಲೂ ಸಿಗುತ್ತದೆ, ಡೂಪ್ಲಿಕೇಟೂ ಸಿಗುತ್ತದೆ. ಡೂಪ್ಲಿಕೇಟ್ ತೆಳ್ಳಗಿದ್ದು, ಲಾಕುಗಳು ಕೂರಬೇಕಾದ ಜಾಗ ಅರ್ಧ ಮಿಲಿಮೀಟರ್ ಆಚೀಚೆಯಾದರೂ ಸಂದು ಎಂದಿಗೂ ಸಮವಾಗುವುದಿಲ್ಲ. ನನ್ನ ಆಯ್ಕೆ ಸದಾ ಒರಿಜಿನಲ್. ಅದರ ಜೊತೆಗೆ ಇನ್ನೆರಡು ಸಾಮಾನು ಕೇಳಿ ತನ್ನಿ: ಎರಡೂ ಬದಿಯ ಸೈಡ್ ಬ್ರ್ಯಾಕೆಟ್, ಒಂದು ಹಿಡಿ ಕ್ಲಿಪ್ಪು. ಬಂಪರಿನ ಮೂಲೆಯನ್ನು ಫೆಂಡರಿಗೆ ಕಚ್ಚಿಸಿ ಹಿಡಿಯುವುದು ಈ ಬ್ರ್ಯಾಕೆಟ್. ಬೆಲೆ ಕಡಿಮೆ, ಕೆಲಸ ದೊಡ್ಡದು. ಹೊಸ ಬಂಪರ್ ಹಾಕಿದರೂ ಮೂಲೆ ಎದ್ದೇ ನಿಂತಿದ್ದರೆ ಹೆಚ್ಚಿನ ಸಲ ಅಲ್ಲಿ ಹಳೆಯ ಬ್ರ್ಯಾಕೆಟ್ಟಿನ ಹಲ್ಲು ಮುರಿದಿರುತ್ತದೆ.

ಹೊಸ ಬಂಪರನ್ನು ಬಣ್ಣಕ್ಕೆ ಕೊಡುವ ಮೊದಲೇ ಕಾರಿಗೆ ಕೂರಿಸಿ ನೋಡಬೇಕು. ಈ ಕೆಲಸದಲ್ಲಿ ನಾನು ಅತಿ ಮುಖ್ಯವೆಂದು ಎಣಿಸುವ ಹೆಜ್ಜೆ ಇದು. ಬಣ್ಣ ಹೊಡೆಸಿದ ಮೇಲೆ ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲ, ಮತ್ತೆ ಮತ್ತೆ ಕೂರಿಸಿ ತೆಗೆದರೆ ಅಂಚಿನ ಬಣ್ಣ ಏಳುತ್ತದೆ. ಬಣ್ಣದ ಕೆಲಸವನ್ನು ಮಾತ್ರ ನುರಿತ ಪೇಂಟರಿಗೇ ಬಿಡಿ. ಹಾರ್ಡ್‌ನರ್ ಬೆರೆಸುವ ಕ್ಲಿಯರ್ ಕೋಟಿನಲ್ಲಿ ಐಸೊಸೈನೇಟ್ ಇರುತ್ತದೆ. ಸರಿಯಾದ ಮಾಸ್ಕ್ ಇಲ್ಲದೆ ಅದನ್ನು ಮನೆಯಂಗಳದಲ್ಲಿ ಸಿಂಪಡಿಸುವುದು ಶ್ವಾಸಕೋಶಕ್ಕೆ ಅಪಾಯ. ಬಣ್ಣ ತುಸು ಬೇರೆಯಾಗಿ ಕಂಡರೆ ಪೇಂಟರಿನ ಮೇಲೆ ರೇಗಬೇಡಿ. ಕಾರ್ಖಾನೆಯಲ್ಲೇ ಲೋಹದ ಬಾಡಿಯ ಬಣ್ಣವನ್ನು ಸುಮಾರು 140 ಡಿಗ್ರಿ ಶಾಖದಲ್ಲಿ, ಪ್ಲಾಸ್ಟಿಕ್ ಬಂಪರಿನ ಬಣ್ಣವನ್ನು ಸುಮಾರು 80 ಡಿಗ್ರಿಯಲ್ಲಿ ಒಣಗಿಸುವುದು ರೂಢಿ. ಹೊಚ್ಚ ಹೊಸ ಕಾರಿನಲ್ಲೂ ಎರಡರ ನಡುವೆ ಎಳೆಯಷ್ಟು ವ್ಯತ್ಯಾಸ ಕಾಣಬಹುದು.

ಬಿಚ್ಚುವ ಕ್ರಮಕ್ಕೆ ಬರೋಣ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಕೆಲವು ನಿಮಿಷ ಬಿಡಿ. ಮುಂಭಾಗದಲ್ಲಿ ಏರ್‌ಬ್ಯಾಗಿನ ಸೆನ್ಸರುಗಳಿರುತ್ತವೆ. ಸಾಮಾನ್ಯವಾಗಿ ಹಳದಿ ಬಣ್ಣದ ಕನೆಕ್ಟರ್ ಅವುಗಳದ್ದು, ಅದನ್ನು ಮುಟ್ಟಬೇಡಿ. ಫೆಂಡರಿನ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಇಲ್ಲವಾದರೆ ಅಲ್ಲಿ ಗೀರು ಬೀಳುತ್ತದೆ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಬಾನೆಟ್ ಎತ್ತಿದರೆ ಗ್ರಿಲ್ಲಿನ ಮೇಲೆ ಕ್ಲಿಪ್ಪುಗಳ ಸಾಲು ಕಾಣುತ್ತದೆ. ನಡುವಿನ ಗುಂಡಿಯನ್ನು ಚಪ್ಪಟೆ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಎತ್ತಿದ ಮೇಲೆ ಕ್ಲಿಪ್ಪು ತಾನೇ ಸಡಿಲವಾಗುತ್ತದೆ. ಕಾರಿನ ಕೆಳಗೆ ಸ್ಕ್ರೂಗಳು, ಹತ್ತರ ಸ್ಪ್ಯಾನರಿಗೆ ಬಗ್ಗುವ ಬೋಲ್ಟುಗಳು. ಸ್ಟೇರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿದರೆ ಚಕ್ರದ ಹಿಂದಿನ ಪ್ಲಾಸ್ಟಿಕ್ ಲೈನರ್ ಸರಿಸಿ ಮೂಲೆಯ ಸ್ಕ್ರೂಗೆ ಕೈ ಹೋಗುತ್ತದೆ. ಬಹಳ ಜನ ಮರೆಯುವುದು ಈ ಸ್ಕ್ರೂವನ್ನೇ. ಅದನ್ನು ಬಿಚ್ಚದೆ ಎಳೆದರೆ ಫೆಂಡರಿನ ಅಂಚು ಬಾಗುತ್ತದೆ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ, ಬಿಚ್ಚಿದ ಸ್ಕ್ರೂಗಳನ್ನು ಜಾಗಕ್ಕೊಂದರಂತೆ ಬೇರೆ ಬೇರೆ ಬಟ್ಟಲಲ್ಲಿ ಇಡಿ. ಕೊನೆಗೆ ಮೂಲೆಗಳನ್ನು ಹೊರಕ್ಕೆ ಎಳೆದರೆ ಲಾಕುಗಳು ಒಂದೊಂದಾಗಿ ಬಿಡುತ್ತವೆ. ಇದಕ್ಕೆ ಎರಡು ಜನ ಬೇಕು. ಒಬ್ಬರು ಬಂಪರ್ ಹಿಡಿದರೆ, ಇನ್ನೊಬ್ಬರು ಒಳಗೆ ಕೈ ಹಾಕಿ ಫಾಗ್ ಲ್ಯಾಂಪಿನ ಕನೆಕ್ಟರ್ ತೆಗೆಯಬೇಕು.

ಹೊದಿಕೆ ಹೊರಬಂದ ಮೇಲೆ ಒಳಗಿನದನ್ನು ನಿಧಾನವಾಗಿ ನೋಡಿ. ಬೀಮ್ ನೇರವಾಗಿದೆಯೇ, ಫೋಮ್ ದಿಂಡು ಬಿರುಕು ಬಿಟ್ಟಿದೆಯೇ, ಎ.ಸಿ. ಕಂಡೆನ್ಸರಿನಲ್ಲಿ ಎಣ್ಣೆಯ ಪಸೆ ಇದೆಯೇ, ರೇಡಿಯೇಟರ್ ಹಿಡಿದ ಚೌಕಟ್ಟು ಬಾಗಿದೆಯೇ? ಬೀಮ್ ಅಥವಾ ಚೌಕಟ್ಟು ಬಾಗಿದ್ದರೆ ಮನೆಯ ಕೆಲಸ ಅಲ್ಲಿಗೆ ನಿಲ್ಲಿಸಿ, ಕಾರನ್ನು ಕಾರ್ಯಾಗಾರಕ್ಕೆ ಕಳಿಸಿ. ಮುಂದೆ ರಡಾರ್ ಇರುವ ಕಾರುಗಳಿಗೂ ಇದೇ ಮಾತು. ಬಂಪರ್ ತೆಗೆದು ಮತ್ತೆ ಹಾಕಿದ ಮೇಲೆ ರಡಾರಿನ ದಿಕ್ಕನ್ನು ಯಂತ್ರದಿಂದಲೇ ಸರಿಪಡಿಸಬೇಕಾಗಬಹುದು.

ಹೊಸದನ್ನು ಕೂರಿಸುವಾಗ ಯಾವ ಬೋಲ್ಟನ್ನೂ ಮೊದಲೇ ಬಿಗಿಯಬಾರದು. ಲ್ಯಾಂಪಿನ ಕನೆಕ್ಟರ್ ಹಾಕಿ, ಮೂಲೆಗಳನ್ನು ಬ್ರ್ಯಾಕೆಟ್ಟಿನ ಮೇಲೆ ಒರಗಿಸಿ, ನಡುವಿನ ಎರಡು ಕ್ಲಿಪ್ಪುಗಳನ್ನು ಸಡಿಲವಾಗಿ ಹಾಕಿ. ಹೆಡ್‌ಲೈಟಿನ ಕಡೆಯಿಂದ ಚಕ್ರದ ಕಡೆಗೆ ಅಂಗೈಯಲ್ಲಿ ಒತ್ತುತ್ತ ಬಂದರೆ ಲಾಕುಗಳು ಟಿಕ್ ಟಿಕ್ ಎಂದು ಕೂರುತ್ತವೆ. ಅಳತೆಗೆ ಹಳೆಯ ಎಟಿಎಂ ಕಾರ್ಡುಗಳು ಸಾಕು. ಒಂದರ ದಪ್ಪ 0.76 ಮಿಲಿಮೀಟರ್, ನಾಲ್ಕು ಜೋಡಿಸಿದರೆ ಮೂರು ಮಿಲಿಮೀಟರ್. ಎಡಗಡೆ ಎಷ್ಟು ಕಾರ್ಡು ತೂರುತ್ತದೋ ಬಲಗಡೆಯೂ ಅಷ್ಟೇ ತೂರಬೇಕು. ಬಾನೆಟ್ಟನ್ನು ನಿಧಾನವಾಗಿ ಇಳಿಸಿ, ಅದು ಬಂಪರಿಗೆ ತಾಗುತ್ತಿಲ್ಲ ಎಂದು ಖಚಿತವಾದ ಮೇಲೆ ನಡುವಿನಿಂದ ಹೊರಕ್ಕೆ ಬಿಗಿಯುತ್ತ ಹೋಗಿ. ಪ್ಲಾಸ್ಟಿಕ್ಕಿಗೆ ಕೈಬಿಗಿ ಸಾಕು.

ನಂಬರ್ ಪ್ಲೇಟ್ ವಿಷಯ ಬೇರೆ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ, ಆಮೇಲೆ ಕರ್ನಾಟಕದಲ್ಲಿ ಅದಕ್ಕೂ ಹಳೆಯ ವಾಹನಗಳಿಗೂ ಕಡ್ಡಾಯವಾದ ಎಚ್‌ಎಸ್‌ಆರ್‌ಪಿ ಪ್ಲೇಟನ್ನು ಸ್ನ್ಯಾಪ್ ಲಾಕಿನಿಂದ ಕೂರಿಸಿರುತ್ತಾರೆ. ಒಮ್ಮೆ ಕತ್ತರಿಸಿದ ಲಾಕ್ ಮತ್ತೆ ಬಳಕೆಗೆ ಬರುವುದಿಲ್ಲ. ಪ್ಲೇಟ್ ಬಾಗದಂತೆ ತೆಗೆದು, ಅಧಿಕೃತ ಡೀಲರ್ ಬಳಿ ಹೊಸ ಲಾಕ್ ಹಾಕಿಸಿಕೊಳ್ಳಿ. ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಿಸುವ ಯೋಚನೆಯನ್ನು ಬಿಟ್ಟುಬಿಡಿ. ಅದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ವಿರುದ್ಧವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಅದು ಪಾದಚಾರಿಗೆ ಮಾರಕ, ಏರ್‌ಬ್ಯಾಗ್ ಸೆನ್ಸರಿನ ಲೆಕ್ಕವನ್ನೂ ತಪ್ಪಿಸುತ್ತದೆ.

ಹತ್ತರ ಸ್ಪ್ಯಾನರ್ ಹಿಡಿಯಬಲ್ಲ ಯಾರಿಗೂ ಈ ಕೆಲಸ ಅಸಾಧ್ಯವಲ್ಲ. ಒರಿಜಿನಲ್ ಬಂಪರ್ ತನ್ನಿ, ಬ್ರ್ಯಾಕೆಟ್ ಹೊಸದು ಹಾಕಿ, ಬಣ್ಣಕ್ಕೂ ಮೊದಲು ಕೂರಿಸಿ ನೋಡಿ, ಎರಡೂ ಕಡೆ ಸಂದು ಸಮವಾಗುವವರೆಗೆ ಸ್ಪ್ಯಾನರ್ ಬಿಗಿಯಬೇಡಿ.